ಒಲೆಯಿಲ್ಲದ ಖೋಲಿ

ಪರೋಪಕಾರ ಮಾಡಲು ಹೊರಟ ದೊಡ್ಡ ಮನುಷ್ಯರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರು ಮೊದಲು ಒಂದು ಮಂಡಳಿ ಮಾಡುತ್ತಾರೆ, ಆಮೇಲೆ ಆ ಮಂಡಳಿಗೊಂದು ಹೆಸರು ಹುಡುಕುತ್ತಾರೆ, ಆಮೇಲೆ ಚಹಾ ಕುಡಿಯುತ್ತಾರೆ. ಬಡವನ ಸರದಿ ಬರುವ ಹೊತ್ತಿಗೆ ಅವರಿಗೆ ಊಟದ ಹೊತ್ತಾಗಿರುತ್ತದೆ. ಇದನ್ನು ನಾನು ಕೇಳಿ ಹೇಳುತ್ತಿಲ್ಲ. ಹುಬ್ಬಳ್ಳಿಯಲ್ಲಿ ಅಂಥದೊಂದು ಮಂಡಳಿಯ ಕುರ್ಚಿಯ ಮೇಲೆ ನಾನೇ ಕೂತಿದ್ದೆ, ಅವರ ಚಹಾ ನಾನೂ ಕುಡಿದಿದ್ದೆ.

ಮೂವತ್ತರ ದಶಕದ ಮಾತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಸಣ್ಣ ವಯಸ್ಸಿನಲ್ಲೇ ಗಂಡ ಸತ್ತಿದ್ದರಿಂದ ಅಣ್ಣ ಧಾರವಾಡದಲ್ಲಿಟ್ಟು ಓದಿಸಿದ, ನೌಕರಿ ಸಿಕ್ಕ ಮೇಲೆ ಅವನ ಮನೆಯಲ್ಲೇ ಇದ್ದೆ. ಊರಿಗೆಲ್ಲ ನಾನು ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಹಾಗೇ ಅನ್ನುತ್ತಾರೆ. ಮನೆಯಿಲ್ಲದವರಿಗೆ ಕಾಯಂ ಮನೆ ಮಾಡಿಕೊಡುವುದಕ್ಕೆಂದು ಊರಿನ ಮೂವರು ಗೃಹಸ್ಥರು ಮಂಡಳಿ ಮಾಡಿದಾಗ ಅವರಿಗೆ ಒಬ್ಬ ಹೆಂಗಸು ಬೇಕಾಗಿದ್ದಳು. ತಮ್ಮ ತಮ್ಮ ಹೆಂಡಂದಿರನ್ನು ಕರೆತಂದು ನಾಲ್ಕು ಜನರೆದುರು ಕೂಡಿಸಲು ಯಾರಿಗೂ ಮನಸ್ಸಿರಲಿಲ್ಲ. ಹೇಳುವವರು ಕೇಳುವವರು ಇಲ್ಲದ ವಿಧವೆ ನಾನೊಬ್ಬಳು ಸಿಕ್ಕೆ.

ಅಧ್ಯಕ್ಷರು ನಿವೃತ್ತ ಮಾಮಲೇದಾರರು. ನಿವೃತ್ತಿಯಾದದ್ದು ಅವರಿಗೆ ಮಾತ್ರ ಗೊತ್ತಿರಲಿಲ್ಲ, ಈಗಲೂ ಎದುರಿಗೆ ಬಂದವರೆಲ್ಲ ಅರ್ಜಿ ಹಿಡಿದೇ ಬಂದವರೆಂದು ತಿಳಿಯುತ್ತಿದ್ದರು. ಎರಡನೆಯವರು ಒಬ್ಬ ವಕೀಲರು. ಮೂರನೆಯವರು ಅರಳೆ ವ್ಯಾಪಾರದ ಸಾವಕಾರರು. ಜಾಗ ಸಾವಕಾರರದು, ಕೇಶ್ವಾಪುರದ ಆಚೆ, ಆಗ ಅಲ್ಲಿ ಬರೀ ಬಯಲು. ಕಲ್ಲು ಮಣ್ಣೂ ಅವರದೇ. ಆ ಉಪಕಾರವನ್ನು ಅವರು ಪ್ರತಿ ಸಭೆಯಲ್ಲೂ ಒಂದು ಸಲ ನೆನಪಿಸುತ್ತಿದ್ದರು.

ಮನೆಯಿಲ್ಲದವರನ್ನು ಹುಡುಕಿ ತರುವ ಕೆಲಸ ನನಗೆ ಬಿತ್ತು. ಹುಡುಕುವುದೇನು ಬಂತು, ಸ್ಟೇಷನ್ನಿನ ಹತ್ತಿರದ ಧರ್ಮಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಅವರಲ್ಲೊಬ್ಬಳು ನಲವತ್ತರ ಹತ್ತಿರದ ವಿಧವೆ. ಗಂಡ ಗಾಡಿ ಹೊಡೆಯುತ್ತಿದ್ದವನು, ಪ್ಲೇಗಿನಲ್ಲಿ ಹೋದ. ಪ್ಲೇಗಿನ ಮನೆಯವರೆಂದು ಬಾಡಿಗೆ ಮನೆಯ ಯಜಮಾನ ಮತ್ತೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಣ್ಣು ಕಾಣದ ಅತ್ತೆಯ ಕೈ ಹಿಡಿದುಕೊಂಡು ಆಕೆ ಕಟ್ಟೆಗೆ ಬಂದು ಎರಡು ವರ್ಷವಾಗಿತ್ತು. ಕಟ್ಟೆಯ ಕೆಳಗೆ ಮೂರು ಕಲ್ಲು ಹೂಡಿ ಜೋಳದ ರೊಟ್ಟಿ ಬಡಿದು ರೈಲ್ವೆ ಕಾರ್ಖಾನೆಯ ಕೆಲಸಗಾರರಿಗೆ ಮಾರುತ್ತಿದ್ದಳು. ಆಕೆಯ ರೊಟ್ಟಿ ಹಾಳೆಯಂತೆ ತೆಳು. ಕೈ ಬಡಿಯುವ ಸಪ್ಪಳ ಕೇಳಿಯೇ ಗಿರಾಕಿಗಳು ಬರುತ್ತಿದ್ದರು.

ಧರ್ಮಶಾಲೆಯಲ್ಲಿ ಪ್ರವಾಸಿಗಳು ಮೂರು ದಿನಕ್ಕಿಂತ ಹೆಚ್ಚು ಇರಬಾರದು. ಹಾಗಿದ್ದರೆ ಎರಡು ವರ್ಷ ಹೇಗಿದ್ದಳು? ಅಲ್ಲಿಯ ಕಾರಕೂನನಿಗೆ ಕರುಣೆಯಿತ್ತು, ಕಾಯದೆಯ ಹೆದರಿಕೆಯೂ ಇತ್ತು. ನಾಲ್ಕನೆಯ ದಿನ ಮುಂಜಾನೆ ಅತ್ತೆ ಸೊಸೆ ಗಂಟು ಹೊತ್ತು ಬಾವಿಯ ತನಕ ಹೋಗಿ ತಿರುಗಿ ಬರಬೇಕು, ಆತ ಹೊಸ ಊರಿನ ಹೆಸರು ಬರೆದುಕೊಳ್ಳಬೇಕು. ಆ ವಹಿಯಲ್ಲಿ ಆಕೆ ಒಮ್ಮೆ ಸುಳ್ಳದವಳು, ಒಮ್ಮೆ ಅಮರಗೋಳದವಳು, ಒಮ್ಮೆ ಕುಂದಗೋಳದವಳು. ಹುಬ್ಬಳ್ಳಿ ಬಿಟ್ಟು ಹೊರಗೆ ಹೋಗದ ಹೆಂಗಸು ಕಾಗದದ ಮೇಲೆ ಸುತ್ತಲಿನ ಊರನ್ನೆಲ್ಲ ತಿರುಗಿ ಬಂದಿದ್ದಳು.

ನಮ್ಮ ಮಂಡಳಿ ಮೊದಲು ಕೇಳಿದ್ದು ಆಕೆಗೆ ಮನೆ ಯಾಕಿಲ್ಲ ಎಂದಲ್ಲ, ಜಾತಿ ಯಾವುದು ಎಂದು. ಕೊರಳಲ್ಲಿ ಲಿಂಗವಿದೆ ಎಂದೆ. ಮೂವರ ಮುಖವೂ ಅರಳಿತು. ಆಕೆಯ ಕಷ್ಟ ಆಗ ಖರೆ ಕಷ್ಟವಾಯಿತು.

ದಸರೆಯ ಹೊತ್ತಿಗೆ ಆರು ಖೋಲಿ ಎದ್ದು ನಿಂತವು. ಸುಣ್ಣ ಹಚ್ಚಿ ಬೆಳ್ಳಗೆ ಮಾಡಿದ್ದರು. ಯುಗಾದಿಯ ತನಕ ಪರೀಕ್ಷೆಯ ಕಾಲ. ಅಷ್ಟರೊಳಗೆ ಖೋಲಿಯನ್ನು ಮನೆಯಂತೆ ಇಟ್ಟುಕೊಂಡು ಬಾಳಿದವರಿಗೆ ಕಾಯಂ ಕಾಗದ ಕೊಡುವುದು, ಉಳಿದವರನ್ನು ಹೊರಗೆ ಹಾಕುವುದು ಎಂದು ಠರಾವಾಯಿತು. ಪ್ರಾರಂಭದ ದಿನ ಮಾಮಲೇದಾರರು ಮುಕ್ಕಾಲು ತಾಸು ಭಾಷಣ ಮಾಡಿದರು. ಒಳಗೆ ಹೋಗಬೇಕಾದ ಆರು ಸಂಸಾರಗಳು ಅಷ್ಟು ಹೊತ್ತೂ ಬಿಸಿಲಲ್ಲಿ ಗಂಟು ಹೊತ್ತು ನಿಂತಿದ್ದವು.

ಭಾಷಣ ಮುಗಿದ ಮೇಲೆ ನಾನೇ ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ನನಗೆ ಬಹಳ ಹೆಮ್ಮೆಯಾಗಿತ್ತು. ಆಕೆ ಗಂಟು ಇಳಿಸಲಿಲ್ಲ. ನಾಲ್ಕೂ ಗೋಡೆ ನೋಡಿದಳು, ಮೂಲೆ ನೋಡಿದಳು, ತಲೆಯೆತ್ತಿ ಮಾಳಿಗೆ ನೋಡಿದಳು.

"ಅಕ್ಕೋರ, ಒಲಿ ಎಲ್ಲೈತ್ರಿ?" ಎಂದಳು.

ಒಲೆ ಇರಲಿಲ್ಲ. ಹೊಗೆ ಹೋಗಲು ಗವಾಕ್ಷಿಯೂ ಇರಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲು ಕೊಂಡಿಯಿತ್ತು, ಒಳಗಿನಿಂದ ಹಾಕಿಕೊಳ್ಳಲು ಚಿಲಕವಿರಲಿಲ್ಲ. ಕಟ್ಟುವಾಗ ನಾನು ಹತ್ತು ಸಲ ಬಂದು ನೋಡಿದ್ದೆ. ಒಲೆ ಇಲ್ಲವೆಂಬುದು ಒಂದು ಸಲವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲಿಂದ ಬೀಳಬೇಕು? ಮೂವತ್ತೆಂಟು ವರ್ಷ ಅವ್ವ ಮತ್ತು ಅತ್ತಿಗೆ ಬಡಿಸಿದ್ದನ್ನು ಉಂಡು ಕೈ ತೊಳೆದವಳು ನಾನು. ಗಂಡಸರನ್ನು ಬೈಯುವ ಮುಂಚೆ ಈ ಮಾತು ಹೇಳಿಬಿಡಬೇಕು. ಹೇಳಿದ್ದೇನೆ, ಇನ್ನು ಬೈಯುತ್ತೇನೆ.

ಕಟ್ಟಿದ ಗೌಂಡಿ ಸಾಬರು ಅಲ್ಲೇ ಇದ್ದರು. ಇದೇನು ಹೀಗೆ ಎಂದು ಕೇಳಿದೆ.

"ನಂಗ ಅರಳಿ ಗೋದಾಮಿನ ನಕಾಶಿ ಕೊಟ್ಟಾರ್ರೀ ಅಕ್ಕೋರ. ಅದರಾಂಗ ಕಟ್ಟೇನಿ. ಒಳಗ ಮಂದಿ ಇರತಾರಂತ ನಂಗ ಯಾರ ಹೇಳ್ಯಾರ್ರೀ?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಾವಕಾರರು ತಮ್ಮ ಗೋದಾಮಿನ ನಕಾಶೆಯನ್ನೇ ಅವರ ಕೈಗೆ ಕೊಟ್ಟು ಆರು ಪಾಲು ಮಾಡಿ ಕಟ್ಟು ಎಂದಿದ್ದರು.

ವಕೀಲರಂತೂ ಇನ್ನೂ ಜಾಣರು. ಗೋಡೆಗೆ ಅಂಟಿಸಿದ್ದ ಅವರ ನಿಯಮಾವಳಿಯನ್ನು ಆ ದಿನ ಮೊದಲ ಸಲ ಪೂರ್ತಿ ಓದಿದೆ. ಒಳಗೆ ಬೆಂಕಿ ಹಚ್ಚತಕ್ಕದ್ದಲ್ಲ. ಬೀಡಿ ಸೇದತಕ್ಕದ್ದಲ್ಲ. ಗೋಡೆಯಿಂದ ಒಂದು ಮೊಳ ಬಿಟ್ಟು ಇಡತಕ್ಕದ್ದು. ಒದ್ದೆಯಾದದ್ದನ್ನು ಒಳಗೆ ತರತಕ್ಕದ್ದಲ್ಲ. ಸಾವಕಾರರ ಗೋದಾಮಿನ ಬಾಡಿಗೆ ಕರಾರನ್ನು ಅವರು ಇದ್ದದ್ದು ಇದ್ದಂತೆ ಇಳಿಸಿಕೊಂಡು, ಅಂಡಿಗೆ, ಅಂದರೆ ಅರಳೆಯ ಮೂಟೆ, ಎಂದಿದ್ದಲ್ಲಿ ಮನುಷ್ಯ ಎಂದು ತಿದ್ದುವುದನ್ನೂ ಅರ್ಧಕ್ಕೆ ಬಿಟ್ಟಿದ್ದರು. ಆ ಆರು ಸಂಸಾರಗಳಲ್ಲಿ ಎಳೆಗೂಸು ಇದ್ದವಳೊಬ್ಬಳು ಒದ್ದೆಯಾದದ್ದನ್ನು ಒಳಗೆ ತರದೆ ಹೇಗಿರಬೇಕು ಎಂದು ಯೋಚಿಸುತ್ತ ನಾನು ಅಲ್ಲೇ ನಿಂತೆ.

"ಒಲೀದು ನಾ ಮಾಡಸ್ತೇನಿ, ನೀ ಗಂಟ ಇಳಸವಾ" ಎಂದು ಆಕೆಗೆ ಹೇಳಿದೆ. ಹೇಳುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಆ ವಾರವೆಲ್ಲ ಮುದುಕಿ ಖೋಲಿಯೊಳಗೆ ಒಂದು ತುತ್ತೂ ಮುಟ್ಟಲಿಲ್ಲ. ಮರುದಿನ ಮುಂಜಾನೆ ನಾನು ಹೋದಾಗ ಗೋಡೆಗೆ ಒರಗಿ ಕೂತವಳು, "ಈ ಮನ್ಯಾಗ ಯಾರು ಸತ್ತಾರವಾ?" ಎಂದು ಕೇಳಿದಳು. ಯಾರೂ ಸತ್ತಿಲ್ಲ ಎಂದೆ.

"ಮತ್ತ ಹೊಗಿ ವಾಸನಿ ಯಾಕ ಇಲ್ಲ? ಹೊತ್ತೇರಿದರೂ ಒಲಿ ಹಚ್ಚಿಲ್ಲ ಅಂದ್ರ ಮನ್ಯಾಗ ಹೆಣ ಐತಿ ಅಂತ. ಹೆಣ ಎತ್ತೂತನಕಾ ನಾ ಬಾಯಾಗ ನೀರ ಹಾಕಾಕಿ ಅಲ್ಲ."

ಸಾವಾದ ಮನೆಯಲ್ಲಿ ಮಾತ್ರ ನಮ್ಮ ಕಡೆ ಒಲೆ ಹೊತ್ತುವುದಿಲ್ಲ, ಅವತ್ತು ನೆರೆಮನೆಯವರು ಬುತ್ತಿ ತರುತ್ತಾರೆ. ಕಣ್ಣಿಲ್ಲದ ಮುದುಕಿಗೆ ಮನೆಯೆಂದರೆ ಹೊಗೆ, ಹಂಚಿನ ಮೇಲೆ ರೊಟ್ಟಿ ಬೇಯುವ ವಾಸನೆ. ಅದು ಇಲ್ಲದ ಕಡೆ ಆಕೆ ಹೆಣ ಕಾಯುತ್ತ ಕೂತಿದ್ದಳು. ಸೊಸೆ ಬಯಲಲ್ಲಿ ಮೂರು ಕಲ್ಲು ಹೂಡಿದಳು. ಹಿಂಗಾರಿನ ಮಳೆ ಎರಡು ದಿನಕ್ಕೊಮ್ಮೆ ಬಂದು ಬೆಂಕಿ ಆರಿಸಿತು. ರೊಟ್ಟಿ ಹೊತ್ತಿಗೆ ಸರಿಯಾಗಿ ಆಗದೆ ಕಾರ್ಖಾನೆಯ ಗಿರಾಕಿಗಳಲ್ಲಿ ಅರ್ಧ ಜನ ಬೇರೆ ಕಡೆ ಹೋದರು. ಧರ್ಮಶಾಲೆಯ ಕಟ್ಟೆಗಾದರೂ ಮೇಲೊಂದು ತಗಡಿತ್ತು. ಮುದುಕಿ ಹೊಸ್ತಿಲ ಹೊರಗೆ ಕೂತು, ತಲೆಯ ಮೇಲೆ ಗೋಣಿಚೀಲ ಹೊದ್ದು ರೊಟ್ಟಿ ತಿನ್ನುತ್ತಿದ್ದಳು.

ಒಂದು ದಿನ ಮಾಮಲೇದಾರರ ಟಾಂಗಾ ಆ ದಾರಿಯಲ್ಲಿ ಹೋಯಿತು. ಮರುದಿನದ ಸಭೆಯಲ್ಲಿ ಅವರು ಬಹಳ ನೊಂದು ಮಾತಾಡಿದರು.

"ನೋಡ್ರಿ ಅಕ್ಕೋರ, ಇವರಿಗೆ ಮನಿ ಕೊಟ್ರೂ ಬಯಲಾಗ ಕೂಡತಾರ. ಬಯಲಿನ ಚಟಾ ಅದು. ರಕ್ತದಾಗ ಬಂದಿರತೈತಿ."

ಒಲೆ ಹಾಕಿಸಿಕೊಡಿ, ಯಾರೂ ಬಯಲಲ್ಲಿ ಕೂಡುವುದಿಲ್ಲ ಎಂದೆ. ಸಾವಕಾರರು ಸುಣ್ಣ ಕಪ್ಪಾಗುತ್ತದೆ ಎಂದರು. ವಕೀಲರು ನಿಯಮ ಎಂದರೆ ನಿಯಮ, ಒಬ್ಬರಿಗೆ ಸಡಿಲು ಮಾಡಿದರೆ ಆರೂ ಜನ ಕೇಳುತ್ತಾರೆ ಎಂದರು. ಆರು ಜನರಿಗೂ ಹಸಿವಾಗುತ್ತದಲ್ಲ ಎಂದೆ. ಅದನ್ನು ವಕೀಲರು ಬರೆದುಕೊಳ್ಳಲಿಲ್ಲ. ಮಾಮಲೇದಾರರು ಕಣ್ಣು ಮುಚ್ಚಿಕೊಂಡು, "ಇವತ್ತ ಒಲಿ ಅಂತಾರ, ನಾಳೆ ಬಚ್ಚಲಾ ಅಂತಾರ" ಎಂದರು. ಬಚ್ಚಲು ಕೇಳುವುದು ಅಂಥ ಅನ್ಯಾಯವೆಂದು ನನಗೆ ಅವತ್ತೇ ಗೊತ್ತಾದದ್ದು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮ ಮಂಡಳಿಯಲ್ಲಿ ಮಾತೇ ಎರಡೂ ಕೆಲಸ ಮಾಡಿತು. ಅಷ್ಟರಲ್ಲಿ ಒಳಗಿನಿಂದ ಬಿಸಿಬಿಸಿ ಭಜಿ ಬಂತು, ಒಲೆಯ ಮೇಲೆ ಕರಿದದ್ದೇ. ವಿಷಯವನ್ನು ಮುಂದಿನ ಸಭೆಗೆ ಹಾಕಿದರು.

ಸಂಕ್ರಾಂತಿಯ ಹೊತ್ತಿಗೆ ಆಕೆಯದು ಬಿಟ್ಟು ಉಳಿದ ಐದೂ ಸಂಸಾರಗಳು ಹೇಳದೆ ಕೇಳದೆ ಬಿಟ್ಟು ಹೋದವು. ಚಿಲಕವಿಲ್ಲದ ಬಾಗಿಲ ಹಿಂದೆ ಮಲಗಲು ಹೆದರಿ ಹೋದವರೂ ಇದ್ದರು. ಖಾಲಿಯಾದ ಖೋಲಿಗಳಲ್ಲಿ ಎರಡರಲ್ಲಿ ಸಾವಕಾರರ ಅರಳೆ ಅಂಡಿಗೆಗಳು ಬಂದು ಕೂತವು. ತಾತ್ಪುರತೆ, ನಾಲ್ಕು ದಿನದ ಮಟ್ಟಿಗೆ ಎಂದರು. ಅಂಡಿಗೆಗಳಿಗೆ ಒಲೆಯೂ ಬೇಡ, ಚಿಲಕವೂ ಬೇಡ, ಆ ಖೋಲಿಗಳಲ್ಲಿ ನಿಯಮದಂತೆ ಬಾಳಿದವು ಅವೇ. ಶಿವರಾತ್ರಿ ಬಂದರೆ ಹೊಸ ಅರಳೆಯ ಗಾಡಿಗಳು ಬರುವ ಕಾಲ. ಸಾವಕಾರರ ಮನುಷ್ಯನೊಬ್ಬ ಆಕೆಯ ಖೋಲಿಗೂ ಬಂದು ಗೋಡೆಯನ್ನು ಮೊಳ ಹಾಕಿ ಅಳೆದುಕೊಂಡು ಹೋದ.

ಆಕೆ ಅದನ್ನು ನನಗೆ ಹೇಳಿದ್ದು ಅಳುತ್ತ ಅಲ್ಲ.

"ಅಕ್ಕೋರ, ನಾವು ಹೊಂಡ್ತೇವ್ರಿ. ಅಲ್ಲಿ ಕಾರಕೂನಣ್ಣ ಒಂದ ಊರಿನ ಹೆಸರ ಬರಕೊಂತಾನ. ಆದ್ರ ಈ ಸಲ ಹ್ವಾದ್ರ ಅತ್ತಿ ಮತ್ತ ಗಂಟ ಹೊತ್ತ ಬಾವಿತನಕಾ ನಡ್ಯಾಕ ಆಗೂದಿಲ್ರಿ. ಆಕಿ ಕಾಲ ಸೋತಾವು" ಎಂದಳು.

ಯುಗಾದಿಯ ತನಕ ತಡೆ ಎಂದೆ. ಮುದುಕಿಗೆ ಸೂರು ಬೇಕಿತ್ತು, ಸೊಸೆಗೆ ಒಲೆ ಬೇಕಿತ್ತು, ಎರಡೂ ಒಂದೇ ಕಡೆ ಬೇಕಿದ್ದವು. ಇಷ್ಟು ಸಣ್ಣ ಮಾತು ಮೂವರು ಓದಿದವರ ತಲೆಗೆ ಹೋಗಲಿಲ್ಲ ಎಂಬ ಸಿಟ್ಟಿನಲ್ಲಿ ನನಗೆ ಒಂದು ಯುಕ್ತಿ ಹೊಳೆಯಿತು. ಮುಂದಿನ ಸಭೆಯಲ್ಲಿ ಒಲೆಯ ಮಾತೇ ಎತ್ತಲಿಲ್ಲ. ಖೋಲಿಗಳ ಮೇಲ್ವಿಚಾರಣೆಗೆ ಯಾರಾದರೂ ಅಲ್ಲೇ ಇರುವುದು ಒಳ್ಳೆಯದು, ಆಕೆಯ ಪಕ್ಕದ ಖೋಲಿ ಖಾಲಿ ಇದೆ, ನಾನೇ ಹೋಗಿ ಇರುತ್ತೇನೆ ಎಂದೆ.

ಮೂವರೂ ಹೊಗಳಿದರು. ತ್ಯಾಗ ಎಂದರು. ಮರುಗಳಿಗೆಯಲ್ಲಿ ವಕೀಲರಿಗೆ ನನ್ನ ಮೇಲೆ ಕನಿಕರ ಬಂತು.

"ಆದ್ರ ಅಕ್ಕೋರ, ನಿಮಗ ಅಡಿಗಿಗೆ ತ್ರಾಸ ಆಗತೈತಲ್ರಿ. ಒಂದು ಒಲಿ ಹಾಕಸೂಣ."

"ಹಾಕಸಬೇಕ, ಹಾಕಸಬೇಕ. ಒಳಗ ಒಂದ ಚಿಲಕಾನೂ ಇರಲಿ. ಹೆಣ್ಣಮಗಳು ಒಬ್ಬಾಕಿ ಇರೂದು" ಎಂದರು ಮಾಮಲೇದಾರರು.

ಸುಣ್ಣದ ಮಾತು ಯಾರೂ ಆಡಲಿಲ್ಲ. ನಿಯಮದ ಕಾಗದ ಗೋಡೆಯ ಮೇಲೆ ಇದ್ದಂತೆಯೇ ಇತ್ತು. ಮೂರು ತಿಂಗಳು ಬೇಡಿಕೊಂಡರೂ ಆಗದ್ದು ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಆಯಿತು. ಹೊಟ್ಟೆ ಎಂಬುದು ಅಕ್ಕೋರಿಗೆ ಮಾತ್ರ ಇರುತ್ತದೆ ಎಂದು ಅವರು ಎಲ್ಲಿ ಓದಿದ್ದರೋ ನಾನರಿಯೆ. ಗೌಂಡಿ ಸಾಬರು ಮರುದಿನವೇ ಬಂದು ಒಲೆ ಹಾಕಿ ಮಾಳಿಗೆ ಒಡೆದು ಗವಾಕ್ಷಿ ಮಾಡಿದರು. ಚಿಲಕ ಎರಡು ತಂದಿದ್ದರು, ಒಂದನ್ನು ಯಾರನ್ನೂ ಕೇಳದೆ ಪಕ್ಕದ ಬಾಗಿಲಿಗೆ ಬಡಿದು ಹೋದರು.

ನಾನು ಮನೆ ಬಿಟ್ಟದ್ದಕ್ಕೆ ಅಣ್ಣ ಸಿಟ್ಟಾದ, ಅತ್ತಿಗೆ ಹೊರಗೆ ಕಣ್ಣೊರೆಸಿಕೊಂಡು ಒಳಗೆ ಹಿಗ್ಗಿದಳು. ಇಬ್ಬರ ಮೇಲೂ ನನಗೆ ಬೇಸರವಿಲ್ಲ.

ಒಲೆ ನನ್ನ ಖೋಲಿಯಲ್ಲಿ, ರೊಟ್ಟಿ ಆಕೆಯದು. ನಸುಕಿಗೆ ಬಂದು ಬೆಂಕಿ ಮಾಡಿ, ಹಿಟ್ಟು ನಾದಿ, ಬಡಿಯಲು ಶುರುಮಾಡಿದರೆ ಒಂಬತ್ತರ ಹೊತ್ತಿಗೆ ಬುಟ್ಟಿ ತುಂಬುತ್ತಿತ್ತು. ಮುದುಕಿಯನ್ನು ಕರೆತಂದು ಒಲೆಯ ಪಕ್ಕದಲ್ಲೇ ಕೂಡಿಸುತ್ತಿದ್ದಳು. ಆ ಮೊದಲ ದಿನ ಮುದುಕಿ ಮೂಗೆತ್ತಿ ಉಸಿರೆಳೆದುಕೊಂಡು, "ಹೆಣ ಎತ್ತಿದರಂತ ಕಾಣತೈತಿ" ಎಂದು ಹೇಳಿ ಎರಡು ರೊಟ್ಟಿ ತಿಂದಳು. ಗಿರಾಕಿಗಳು ತಿರುಗಿ ಬಂದರು. ಒಲೆ ಬಳಸಿದ್ದಕ್ಕೆ ಆಕೆ ದಿನಾ ನನಗೆ ಎರಡು ರೊಟ್ಟಿ, ಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಮುಚ್ಚಿಟ್ಟು ಹೋಗುತ್ತಿದ್ದಳು. ನಾನು ಕೇಳಿರಲಿಲ್ಲ. ಆಕೆಯೂ ಅದನ್ನು ಉಪಕಾರವೆಂದು ತಿಳಿದಿರಲಿಲ್ಲ. ನೆರೆಯವರ ನಡುವೆ ನಡೆಯುವ ಕೊಡುಕೊಳ್ಳುವಿಕೆ, ಅಷ್ಟೇ.

ಯುಗಾದಿಗೆ ವಾರವಿದ್ದಾಗ ಮಂಡಳಿ ಪರೀಕ್ಷೆಗೆ ಬಂತು. ಮುಂಜಾನೆ ಒಂಬತ್ತರ ಸುಮಾರು, ನಾನು ಶಾಲೆಗೆ ಹೊರಡುವ ಹೊತ್ತು. ಮೊದಲು ಆಕೆಯ ಖೋಲಿಗೆ ಹೋದರು, ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಬಾಗಿಲಿಗೆ ಬಂದರು. ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಇದೇನ್ರಿ ಅಕ್ಕೋರ! ಈಕಿ ಇಲ್ಲೇನ ಮಾಡಾಕತ್ತಾಳ? ಆಕಿ ಖೋಲಿ ಖಾಲಿ ಬಿದ್ದೈತಿ. ಅಂದ್ರ ಅಲ್ಲಿ ವಾಸಾ ಇಲ್ಲಂತಾತು" ಎಂದರು ಮಾಮಲೇದಾರರು. ಸಾವಕಾರರ ಕಣ್ಣು ಆಗಲೇ ಪಕ್ಕದ ಖೋಲಿಯ ಕಡೆ ಹೋಗಿತ್ತು. ವಕೀಲರು ಬರೆದುಕೊಳ್ಳಲು ಟಾಕು ತೆಗೆದರು.

ನನಗೆ ಅಷ್ಟು ಹೊತ್ತಿಗೆ ಇವರ ನಾಡಿ ಸಿಕ್ಕಿತ್ತು. ಇವರಿಗೆ ಏನು ಹೇಳಿದರೆ ಹಿಡಿಸುತ್ತದೆ ಎಂಬುದು ಗೊತ್ತಿತ್ತು. "ಈಕಿ ನನ್ನ ಅಡಿಗಿಯಾಕಿರಿ" ಎಂದುಬಿಟ್ಟೆ.

ಆಕೆಯ ಕೈ ನಿಂತಿತು.

"ಹಾಂಗೇನು!" ಎಂದರು ಮಾಮಲೇದಾರರು. ಅವರ ಮುಖ ತಿಳಿಯಾಯಿತು. "ಇಷ್ಟೊಂದ ರೊಟ್ಟಿ ನಿಮಗೊಬ್ಬರಿಗೇನ್ರಿ?" ಎಂದು ಸಾವಕಾರರು ಬುಟ್ಟಿ ನೋಡಿದರು. ನನಗ ಹಸಿವಿ ಭಾಳರೀ ಎಂದೆ. ಅದು ಅವರಿಗೆ ವಿನೋದವೆನಿಸಿತು, ನಕ್ಕರು. ಮಾಮಲೇದಾರರು ಮಾತ್ರ ಹಳೆಯ ರೂಢಿಯಂತೆ ಸಾಕ್ಷಿಯ ಬಾಯಿಂದಲೇ ಕೇಳಬೇಕೆಂದು ಆಕೆಯ ಕಡೆ ತಿರುಗಿದರು.

"ಏನವಾ, ಖರೇ ಏನು? ಅಕ್ಕೋರ ಕಡೆ ಚಾಕರಿಗೆ ಅದಿ?"

ಆಕೆ ನನ್ನನ್ನು ನೋಡಿದಳು. ಒಲೆಯ ಪಕ್ಕದಲ್ಲಿ ಮೊಳಕಾಲು ಮಡಚಿಕೊಂಡು ಕೂತಿದ್ದ ಅತ್ತೆಯನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಹೌದ್ರಿ" ಎಂದಳು.

ವಕೀಲರು ನಿಂತಲ್ಲೇ ಬರೆದರು. ಸಂಭಾವಿತ ಮನೆಯಲ್ಲಿ ಅಡುಗೆ ಚಾಕರಿಗೆ ಇರುವುದರಿಂದ ನಡತೆ ಒಳ್ಳೆಯದೆಂದು ತಿಳಿದುಬಂದು ಸದರಿ ಹೆಂಗಸಿಗೆ ಖೋಲಿಯನ್ನು ಕಾಯಂ ಕೊಡಲಾಗಿದೆ. ಮೂವರೂ ಸಹಿ ಹಾಕಿದರು, ನನ್ನಿಂದಲೂ ಹಾಕಿಸಿದರು. ತಾನೇ ದುಡಿದು ಅತ್ತೆಯನ್ನು ಸಾಕುವವಳಿಗೆ ಸಿಗದ ಮನೆ ನನ್ನ ಚಾಕರಿಯವಳಿಗೆ ಸಿಕ್ಕಿತು. ಆ ವರ್ಷದ ವರದಿಯಲ್ಲಿ ಅವರು ಇದನ್ನು ಮಂಡಳಿಯ ಮೊದಲ ಯಶಸ್ಸು ಎಂದು ಬರೆದುಕೊಂಡರು. ಉಳಿದ ನಾಲ್ಕು ಖೋಲಿಗಳಲ್ಲಿ ಅರಳೆ ತುಂಬಿತು.

ಟಾಂಗಾ ಹೋದ ಮೇಲೆ ಆಕೆ ಹೊತ್ತಿದ ರೊಟ್ಟಿ ತೆಗೆದು ಬದಿಗಿಟ್ಟಳು. ನಾದಿದ ಹಿಟ್ಟನ್ನೆಲ್ಲ ಬಡಿದು ಮುಗಿಸಿದಳು. ಕಾರ್ಖಾನೆಯವರು ಬಂದು ಬುಟ್ಟಿ ಒಯ್ದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನು ಗೆದ್ದವಳ ಹಾಗೆ ನಗುತ್ತ ನಿಂತಿದ್ದೆ, ಏನಾದರೂ ಒಳ್ಳೆಯ ಮಾತು ಬರುತ್ತದೆ ಎಂದು ಕಾಯುತ್ತಿದ್ದೆ.

"ಅಕ್ಕೋರ, ಎರಡ ವರ್ಷ ಕಟ್ಟಿಮ್ಯಾಗ ಇದ್ದೆ. ಒಬ್ಬರ ಮನಿ ಮುಸುರಿ ತಿಕ್ಕಿಲ್ಲ. ಒಬ್ಬರ ಚಾಕರಿ ಮಾಡಿಲ್ಲ."

"ನಿನ್ನ ಮನಿ ಉಳೀಲಿ ಅಂತ ಅಂದೆನವಾ."

"ಉಳೀತಲ್ರಿ. ಅತ್ತಿ ಸಲುವಾಗಿ ಹೌದಂದೆ. ನನ್ನ ಒಂದ ಮಾತ ಕೇಳಿ ಅಂದಿದ್ರ ನಾನ ಹೇಳತಿದ್ದೆ, ಅನ್ರಿ ಅಕ್ಕೋರ ಅಂತ." ಎದ್ದು ಅತ್ತೆಯ ಕೈ ಹಿಡಿದು ಎಬ್ಬಿಸಿದಳು. "ಒಲಿ ನಿಮ್ಮದು, ಬ್ಯಾಡ ಅಂದ್ರ ನಾಳಿಂದ ಬರೂದಿಲ್ಲ. ಬಾ ಅಂದ್ರ ಬರತೇನಿ, ಕಟಿಗಿ ನಾನ ತರತೇನಿ. ಆದ್ರ ಇವತ್ತಿನಿಂದ ನಿಮ್ಮ ರೊಟ್ಟಿ ನೀವ ಬಡಕೋರಿ."

ಬಾ ಎಂದೆ. ಪಕ್ಕದ ಬಾಗಿಲು ಮುಚ್ಚಿದ ಸಪ್ಪಳ ಕೇಳಿಸಿತು.

ಮೂವರು ಗಂಡಸರ ಮೇಲೆ ಆರು ತಿಂಗಳು ಹಲ್ಲು ಕಡಿದ ನಾನು, ಅವರಂತೆಯೇ ಆಕೆಯನ್ನು ಕೇಳದೆ ಆಕೆಯ ಬದುಕಿಗೆ ಒಂದು ಹೆಸರು ಹಚ್ಚಿದ್ದೆ. ಒಲೆಯ ಮುಂದೆ ಕೂತೆ. ಬೆಂಕಿ ಇನ್ನೂ ಇತ್ತು, ಡಬ್ಬಿಯಲ್ಲಿ ಒಣ ಹಿಟ್ಟೂ ಇತ್ತು. ಹಿಟ್ಟು ಕಲಸುವುದು ಬಿಸಿನೀರಿನಲ್ಲೋ ತಣ್ಣೀರಿನಲ್ಲೋ ಎಂಬುದು ನನಗೆ ಗೊತ್ತಿರಲಿಲ್ಲ. ಗೋಡೆಯಾಚೆ ಕೂಗಿ ಕೇಳಲು ಧೈರ್ಯವಾಗಲಿಲ್ಲ. ಅವತ್ತು ಉಪವಾಸವೇ ಶಾಲೆಗೆ ಹೋದೆ.